ಸಹಾಯ ಬೇಕು: ನೇಟ್ ಸೇಂಟ್ ಬಕೆಟ್ ನಿಲ್ಲುತ್ತಿದ್ದುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಮಿಷನರಿ ಪೈಲಟ್ ನೇಟ್ ಸೇಂಟ್ ಅವರ ಜೀವನಕಥೆ ಬರೆಯುತ್ತಿದ್ದೇನೆ. ಈಕ್ವೆಡಾರ್ ಕಾಡಿನಲ್ಲಿ ಪುಟ್ಟ ಹಳದಿ ವಿಮಾನ ಹಾರಿಸುತ್ತಿದ್ದವರು. 1956ರ ಜನವರಿ 8ರಂದು ಕುರಾರಾಯ್ ನದಿ ದಂಡೆಯಲ್ಲಿ ಅಲ್ಲಿನ ವಾವೊರಾನಿ ಬುಡಕಟ್ಟು ಜನರ ಈಟಿಗೆ ನಾಲ್ವರು ಗೆಳೆಯರ ಜೊತೆ ಬಲಿಯಾದರು. ಅವರ ಅಕ್ಕ ರೇಚಲ್ ಮುಂದೆ ಅದೇ ಜನರ ನಡುವೆ ಹೋಗಿ ಬಾಳಿದರು. ಆ ಭಾಗ ಬರೆಯುವಾಗ ಕಣ್ಣು ತುಂಬಿ ಬಂತು, ಆದರೂ ಬರೆದು ಮುಗಿಸಿದೆ.

ಸಿಕ್ಕಿಹಾಕಿಕೊಂಡಿರುವುದು ಬಕೆಟ್ ವಿಷಯದಲ್ಲಿ. ಅವರು ವಿಮಾನದಿಂದ ಉದ್ದನೆಯ ಹಗ್ಗ ಬಿಟ್ಟು ಮೇಲೆ ಸುತ್ತು ಹೊಡೆಯುತ್ತಿದ್ದರು. ಕೆಳಗೆ ತುದಿಯ ಬಕೆಟ್ ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲುತ್ತಿತ್ತು! ಹಾಗೇ ಉಡುಗೊರೆ ಇಳಿಸಿದರು. ವಾವೊರಾನಿಗಳೂ ವಾಪಸ್ ಉಡುಗೊರೆ ಕಟ್ಟಿ ಕಳಿಸಿದರು, ಒಮ್ಮೆ ಜೀವಂತ ಗಿಳಿಯನ್ನೇ! ಮಕ್ಕಳಿಗೆ ಇದೇ ಜಾಸ್ತಿ ಇಷ್ಟ ಆಗುತ್ತೆ, ಅಲ್ವಾ?

ದಾರಕ್ಕೆ ರಬ್ಬರ್ ಕಟ್ಟಿ ತಿರುಗಿಸಿ ನೋಡಿದೆ. ಅದು ಹೊರಕ್ಕೇ ಹಾರುತ್ತದೆ. ದಾರ ಉದ್ದ ಮಾಡಿದರೂ ಅಷ್ಟೇ. ಗಾಳಿಯ ತಡೆ ಕಾರಣ ಅಂತ ಒಬ್ಬರು ಹೇಳಿದರು. ಆದರೆ ಗಾಳಿ ತಡೆದರೆ ಬಕೆಟ್ ಹಿಂದೆ ಬೀಳಬೇಕು, ನಡುವಿಗೆ ಯಾಕೆ ಬರುತ್ತದೆ? ಇದೇ ನನಗೆ ತಿಳಿಯುತ್ತಿಲ್ಲ.

ವಿಜ್ಞಾನದ ಮೇಷ್ಟ್ರುಗಳು, ಪೈಲಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಬಕೆಟ್ ನಡುವೆ ನಿಲ್ಲುವುದನ್ನು ಎಂಟು ಹತ್ತು ವರ್ಷದ ಮಕ್ಕಳಿಗೆ ಎರಡು ಮೂರು ವಾಕ್ಯದಲ್ಲಿ ಹೇಗೆ ಹೇಳಲಿ? ತರಗತಿಯಲ್ಲೇ ಮಾಡಿ ತೋರಿಸುವ ದಾರಿ ಇದೆಯಾ?