ಮೈನಸ್‌ನಲ್ಲೂ ಗಟ್ಟಿಯಾಗದೆ ಉಳಿಯುವ ನೀರು: ಅಳೆದವರು ಯಾರಾದರೂ ಇದ್ದೀರಾ?

ಪುಣೆ ಪಿಎಚ್‌ಡಿ: ಗೈಡ್ ಲಡಾಖಿನ ಮಣ್ಣು ಕೊಟ್ಟಿದ್ದಾರೆ, ಹೋಲಿಕೆಗೆ ಇಲ್ಲಿಯ ಎರೆಮಣ್ಣು. ಮೈನಸ್ 1ರಿಂದ ಮೈನಸ್ 15ರವರೆಗೆ ಎಷ್ಟು ನೀರು ದ್ರವವಾಗೇ ಇರುತ್ತದೆ ಅಂತ ಅಳೆಯಬೇಕು. ಟಿಡಿಆರ್ (ಮಣ್ಣಲ್ಲಿ ನೆಟ್ಟ ಕಡ್ಡಿಗೆ ವಿದ್ಯುತ್ ಪಲ್ಸ್ ಬಿಟ್ಟು ಅದು ಮರಳೋ ಸಮಯ ಅಳೆಯೋದು), ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ನೀರಿನ ಹೈಡ್ರೋಜನ್ ಸಿಗ್ನಲ್ ಹಿಡಿಯೋದು), ಡಿಎಸ್‌ಸಿ (ಹೆಪ್ಪುಗಟ್ಟುವಾಗ, ಕರಗುವಾಗ ಹೋಗಿಬರುವ ಶಾಖ ಅಳೆಯೋದು), ಯಾವುದಕ್ಕೆ ಕೈ ಹಾಕಲಿ? ಲ್ಯಾಬಿನಲ್ಲಿರೋದು ಒಂದು ಡೀಪ್ ಫ್ರೀಜರ್ ಮಾತ್ರ. ಲಡಾಖಿನ ಮಣ್ಣಲ್ಲಿ ಉಪ್ಪು ಜಾಸ್ತಿ ಇದೆ.

ಹಡಪ್ಸರ್ ಎರೆಹುಳ: ಟಿಡಿಆರ್ ತಗೋರಿ. ನಾಕು ವರ್ಷ ಅದರ ಜೋಡಿ ಬಾಳೇ ಮಾಡೇನಿ. ನೀರಿನ ಪರ್ಮಿಟಿವಿಟಿ (ಇದು ಹೆಚ್ಚಿದ್ದಷ್ಟು ಪಲ್ಸ್ ನಿಧಾನ) 80ರ ಮ್ಯಾಲ, ಐಸಿಂದು ಬರೇ 3.2. ಇನ್ನೇನ್ ಬೇಕ್ರಿ? ಮೂರು ಕಡ್ಡಿ ಪ್ರೋಬ್ ಎರಡು, ಕಸ್ಟಮ್ಸ್ ಹಿಡಿದು 71,400 ರೂಪಾಯಿ. ಒಂದರ ಕಡ್ಡಿ ಮಣ್ಣು ಉಬ್ಬಿ ಸೊಟ್ಟಾತು. ಇನ್ನೊಂದರ ಕೇಬಲ್ ಇಲಿ ಕಡೀತು. ಮೇ ತಿಂಗಳದಾಗ ರಾತ್ರಿ 11ಕ್ಕ ಹೋದ ಕರೆಂಟು ಮುಂಜಾನೆ 6ಕ್ಕ ಬಂತು, 19 ದಿನದ ಸ್ಯಾಂಪಲ್ ರಾಡಿ! ಯುಪಿಎಸ್‌ಗೆ ಮತ್ತ 38,000. ಆದ್ರೂ ಪೇಪರ್ ಆತು.

ಡೊಂಬಿವಲಿ ಲೋಕಲ್: ಪರ್ಮಿಟಿವಿಟಿಯಿಂದ ನೀರಿನ ಲೆಕ್ಕ ಹಾಕೋ ಟಾಪ್ (Topp) ಸಮೀಕರಣ ಹಾಕಿದ್ರಾ? 1980ರದು, ಹೆಪ್ಪುಗಟ್ಟದ ಮಣ್ಣಿಗೆ ಮಾಡಿದ್ದು. ಗಾಳಿ ಇರೋ ಜಾಗದಲ್ಲಿ ಐಸ್ ಕೂತರೆ ನೀರು ಹೆಚ್ಚು ತೋರಿಸುತ್ತೆ. ನಾನು ಎನ್‌ಎಂಆರ್‌ನಲ್ಲಿ ಮಾಡಿದ್ದು. ಐಸಿನ ಸಿಗ್ನಲ್ ಮೈಕ್ರೊಸೆಕೆಂಡುಗಳಲ್ಲೇ ಸತ್ತುಹೋಗುತ್ತೆ, ಉಳಿದದ್ದೆಲ್ಲ ದ್ರವ. ಸ್ಲಾಟ್ ಸಿಕ್ಕಿದ್ದು ರಾತ್ರಿ 2ಕ್ಕೆ, ಲೋಕಲ್ ಇಲ್ಲ, ಟ್ಯಾಕ್ಸಿಗೇ ತಿಂಗಳಿಗೆ 9,000 ಹೋಯ್ತು. ಪಶ್ಚಾತ್ತಾಪ ಇಲ್ಲ.

ಹಡಪ್ಸರ್ ಎರೆಹುಳ: ನಮ್ಮ ಮಣ್ಣಿಗೆ ನಾವs ಕ್ಯಾಲಿಬ್ರೇಶನ್ ಮಾಡೇವ್ರಿ. ಓದದ ಮಾತಾಡಬ್ಯಾಡ್ರಿ.

ವಾಸ್ಕೊ ಜಂಬಿಟ್ಟಿಗೆ: ನಮ್ಮ ಗೋವೆಯ ಕೆಂಪು ಮಣ್ಣನ್ನು ಆ ಎನ್‌ಎಂಆರ್‌ಗೆ ಹಾಕಿ ನೋಡಿ ಸಾರ್. ಕಬ್ಬಿಣ ನಿಮ್ಮ ದ್ರವದ ಸಿಗ್ನಲನ್ನೂ ನುಂಗುತ್ತೆ. ನಾನು ಅದಕ್ಕೇ ಡಿಎಸ್‌ಸಿಗೆ ಬಂದೆ. ಮೊದಲ ಆರು ತಿಂಗಳು ತಣ್ಣಗೆ ಮಾಡ್ತಾ ಅಳೆದೆ: ಮೈನಸ್ 4ಕ್ಕಿಳಿದರೂ ಗಟ್ಟಿಯಾಗೋದಿಲ್ಲ, ಆಮೇಲೆ ಒಮ್ಮೆಗೇ ಎಲ್ಲ ಗಟ್ಟಿ. ಸೂಪರ್‌ಕೂಲಿಂಗ್. 140 ಪ್ಯಾನ್ (ಸ್ಯಾಂಪಲ್ ಹಾಕೋ ಪುಟ್ಟ ತಟ್ಟೆ) ಕಸಕ್ಕೆ. ಈಗ ಮೈನಸ್ 30ಕ್ಕಿಳಿಸಿ ನಿಧಾನವಾಗಿ ಕರಗಿಸ್ತೀನಿ. ಗುಪ್ತೋಷ್ಣ ಸೊನ್ನೆಯಲ್ಲಿ ಗ್ರಾಂಗೆ 334 ಜೂಲ್, ಮೈನಸ್ 10ರಲ್ಲಿ 312ರ ಆಸುಪಾಸು. ಅದನ್ನು ತಿದ್ದದೆ ಬರೆದ ಒಂದು ಇಡೀ ಅಧ್ಯಾಯ ಹರಿದು ಹಾಕಿದ್ದೇನೆ.

ಡೊಂಬಿವಲಿ ಲೋಕಲ್: ನಿಮ್ಮ ಪ್ಯಾನಿನ 15 ಮಿಲಿಗ್ರಾಂ ಮಣ್ಣು ಇಡೀ ಲಡಾಖಿನ ಕಥೆ ಹೇಳುತ್ತಾ?

ವಾಸ್ಕೊ ಜಂಬಿಟ್ಟಿಗೆ: ರಾತ್ರಿ 2ರ ನಿದ್ದೆಗಣ್ಣಿನ ರೀಡಿಂಗಿಗಿಂತ ವಾಸಿ.

ಪುಣೆ ಪಿಎಚ್‌ಡಿ: ಉಪ್ಪಿನ ವಿಷಯ ಯಾರಾದರೂ...?

ಹಡಪ್ಸರ್ ಎರೆಹುಳ: ಉಪ್ಪಿದ್ರ ಟಿಡಿಆರ್ ರಿಫ್ಲೆಕ್ಷನ್ ಮಾಯ ಆಗ್ತದ, ಖರೆ. ಕಡ್ಡಿಗೆ ಕೋಟಿಂಗ್ ಹಾಕ್ಸಿದ್ದೆ, 6,200 ಕೊಟ್ಟು. ಎರಡನೇ ಸಲ ಹೆಪ್ಪುಗಟ್ಟಿದಾಗ ಸುಲಿದು ಬಂತು.

ಡೊಂಬಿವಲಿ ಲೋಕಲ್: ಅಂದ್ರೆ ನಾಲ್ಕು ವರ್ಷ ಬಾಳೇ ಮಾಡಿದ್ದು ಇದರ ಜೋಡಿ.

ಹಡಪ್ಸರ್ ಎರೆಹುಳ: ಮುಂಬೈಯವರಿಗೆ ಕರೆಂಟ್ ಹೋಗೋದಿಲ್ಲ, ಅದಕ್ಕ ಇಷ್ಟ್ ಮಾತು.

ವಾಸ್ಕೊ ಜಂಬಿಟ್ಟಿಗೆ: ಅಣ್ಣಾ, ಇಲಿ ಸಿಕ್ಕಿತಾ?