‘ಪುರುಷ ಬಂಜೆತನ’, ‘ಲಿಂಗ ವರ್ಣತಂತು ದೋಷ’, ‘ಚಿಕಿತ್ಸೆ’: ಪದಬಳಕೆಯ ಬಗ್ಗೆ ಪ್ರಶ್ನೆ

ಮಾನ್ಯರೆ,

ಊರಿನಿಂದ ಮುಂಬಯಿಯ ಆಸ್ಪತ್ರೆಗಳಿಗೆ ಬರುವ ನಮ್ಮವರಿಗೆ ವೈದ್ಯರ ಮರಾಠಿ, ಹಿಂದಿ ಮಾತುಗಳನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಹೊಣೆ ಇಲ್ಲಿನ ಕನ್ನಡಿಗರ ಮೇಲೆ ಆಗಾಗ ಬೀಳುತ್ತದೆ. ಮಕ್ಕಳಾಗದ ದಂಪತಿಗಳ ಜೊತೆ ಹೋದಾಗ ನನಗೆ ಎದುರಾದ ಪದಗಳ ತೊಡಕನ್ನು ಇಲ್ಲಿ ಇಡುತ್ತಿದ್ದೇನೆ.

ಪತ್ರಿಕೆಗಳು ‘ಪುರುಷ ಬಂಜೆತನ’ ಎಂದು ಬರೆಯುತ್ತವೆ. ಸಂಸ್ಕೃತದ ‘ವಂಧ್ಯಾ’ದಿಂದ ಬಂದ ‘ಬಂಜೆ’ ಹೆಣ್ಣಿಗೇ ಅಂಟಿದ ಪದ, ಬೈಗುಳವೂ ಹೌದು. ಇಲ್ಲಿನ ಮರಾಠಿಯ ‘ವಂಧ್ಯತ್ವ’ ಗಂಡು ಹೆಣ್ಣು ಇಬ್ಬರಿಗೂ ನಡೆಯುತ್ತದೆ. ಬಂಜೆತನವನ್ನಾದರೂ ಸಹಿಸಬಹುದು, ‘ನಪುಂಸಕತ್ವ’ವನ್ನು ಇದೇ ಅರ್ಥದಲ್ಲಿ ಬಳಸುವುದು ಸರಿಯೇ ಅಲ್ಲ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳು ಒಂದೂ ಇಲ್ಲದಿರಬಹುದು. ‘ವೀರ್ಯ’ (ದ್ರವ) ಮತ್ತು ‘ವೀರ್ಯಾಣು’ (ಆ ದ್ರವದಲ್ಲಿರುವ ಜೀವಕೋಶ) ಬೇರೆ ಬೇರೆ ಎಂಬುದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಮುಂದಿನ ಮಾತೆಲ್ಲ ತಪ್ಪಾಗಿ ಕೇಳಿಸುತ್ತದೆ.

ಹೆಚ್ಚು ಕಷ್ಟ ಕೊಡುವುದು ‘ಲಿಂಗ ವರ್ಣತಂತು ದೋಷ’. ವರ್ಣತಂತು ಎಂದರೆ ಜೀವಕೋಶದಲ್ಲಿ ಅನುವಂಶಿಕ ಗುಣಗಳನ್ನು ಹೊತ್ತ ಎಳೆ (ಕ್ರೋಮೋಸೋಮ್); ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವ ಎಕ್ಸ್, ವೈ ಎಂಬ ಎಳೆಗಳೇ ಲಿಂಗ ವರ್ಣತಂತುಗಳು. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಮತ್ತು ಸಂಗಡಿಗರು ವಿವರಿಸಿದ ಸ್ಥಿತಿಯಲ್ಲಿ ಗಂಡಸಿಗೆ ಎಕ್ಸ್‌ವೈ ಬದಲು ಎಕ್ಸ್‌ಎಕ್ಸ್‌ವೈ ಇರುತ್ತದೆ ಎಂಬುದು 1959ರಲ್ಲಿ ತಿಳಿಯಿತು. ವೃಷಣಗಳು ಚಿಕ್ಕದಾಗಿ, ಗಟ್ಟಿಯಾಗಿರುತ್ತವೆ. ಬಹುತೇಕರಿಗೆ ಮದುವೆಯಾಗಿ ಮಕ್ಕಳಾಗದೆ ತಪಾಸಣೆಗೆ ಹೋಗುವವರೆಗೆ ಇದು ಗೊತ್ತೇ ಆಗುವುದಿಲ್ಲ. ‘ಲಿಂಗ’ ಎಂದೊಡನೆ ಕೇಳಿದವರ ಮನಸ್ಸು ಜನನಾಂಗದ ಕಡೆಗೆ ಹೋಗುತ್ತದೆ. ವಿಜಯಪುರದ ಕಡೆಯ ತಾಯಿಯೊಬ್ಬರು ರಿಪೋರ್ಟಿನ ಮೇಲೆ ಬೆರಳಿಟ್ಟು, “ಹಂಗಂದ್ರ ನನ್ ಮಗಾ ಗಂಡಸಲ್ಲೇನ್ರೀ?” ಎಂದು ಕೇಳಿದರು. ಎಲ್ಲ ಗಂಡಸರಲ್ಲೂ ತಾಯಿಯಿಂದ ಬಂದ ಒಂದು ಎಕ್ಸ್ ಇದ್ದೇ ಇರುತ್ತದೆ, ಇವನಲ್ಲಿ ಒಂದು ಹೆಚ್ಚಿದೆ, ವೈ ಇರುವುದರಿಂದ ಇವನು ಗಂಡಸೇ ಎಂದು ವೈದ್ಯರು ಹೇಳಿದ್ದನ್ನು ತಿಳಿಸಲು ಆ ಪದ ನನಗೆ ಅಡ್ಡಿಯಾಯಿತೇ ಹೊರತು ನೆರವಾಗಲಿಲ್ಲ. ‘ಎಕ್ಸ್-ವೈ ವರ್ಣತಂತುಗಳ ಏರುಪೇರು’ ಎಂದರೆ ಸಾಲದೆ? ‘ದೋಷ’ ಎಂಬುದಕ್ಕೆ ಜಾತಕದ ನೆರಳೂ ಇದೆ, ಅದನ್ನು ಬಿಟ್ಟರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

‘ಚಿಕಿತ್ಸೆ’ಯ ಅರ್ಥವನ್ನು ಸ್ಪಷ್ಟಪಡಿಸುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿ ಗೊಂದಲವಾದರೆ ಹಾನಿಯಾಗುತ್ತದೆ. ಹೆಚ್ಚುವರಿ ಎಕ್ಸ್ ಅನ್ನು ತೆಗೆಯುವ ಔಷಧವಿಲ್ಲ. ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಕೊಡುವುದು ಅದರ ಕೊರತೆ ನೀಗಿ ಸ್ನಾಯು, ಮೂಳೆ, ಉತ್ಸಾಹ ಉಳಿಯಲೆಂದು. ಅದನ್ನೇ ಮಕ್ಕಳಾಗುವ ಔಷಧವೆಂದು ತಿಳಿದು ಚುಚ್ಚುಮದ್ದು ತೆಗೆದುಕೊಂಡರೆ ಅಲ್ಪಸ್ವಲ್ಪ ಉಳಿದಿರುವ ವೀರ್ಯಾಣು ಉತ್ಪತ್ತಿಯೂ ಕುಗ್ಗುತ್ತದೆ. ಮಕ್ಕಳು ಬೇಕೆಂದವರಿಗೆ ಇರುವ ದಾರಿ ಬೇರೆ: ಸೂಕ್ಷ್ಮದರ್ಶಕದಡಿ ವೃಷಣವನ್ನು ತೆರೆದು ವೀರ್ಯಾಣುಗಳನ್ನು ಹುಡುಕಿ, ಸಿಕ್ಕಿದ ಒಂದೊಂದನ್ನು ಒಂದೊಂದು ಅಂಡಕ್ಕೆ ಸೇರಿಸುವುದು. ಎಕ್ಸ್‌ಎಕ್ಸ್‌ವೈ ಇರುವವರಲ್ಲಿ ನುರಿತ ಕೈಗಳಲ್ಲಿ ಶೇ 40ರಿಂದ 50ರಷ್ಟು ಮಂದಿಗೆ ವೀರ್ಯಾಣು ದೊರೆಯುತ್ತದೆ. ವೈ ವರ್ಣತಂತುವಿನ ತುಣುಕು ಕಳೆದುಹೋಗಿರುವವರ ವಿಷಯ ಬೇರೆ. ವೀರ್ಯಾಣು ಉತ್ಪತ್ತಿಗೆ ಬೇಕಾದ ಆ ಭಾಗಗಳನ್ನು ಎಝಡ್‌ಎಫ್ ‘ಎ’, ‘ಬಿ’, ‘ಸಿ’ ಎಂದು ಗುರುತಿಸುತ್ತಾರೆ. ‘ಎಝಡ್‌ಎಫ್‌ಸಿ’ ಭಾಗ ಮಾತ್ರ ಹೋಗಿದ್ದರೆ ದೊರೆಯುವ ಸಾಧ್ಯತೆ ಇದೆ, ಆದರೆ ಹುಟ್ಟುವ ಗಂಡುಮಗುವಿಗೂ ಅದೇ ಕೊರತೆ ಬರುತ್ತದೆ. ‘ಎ’ ಅಥವಾ ‘ಬಿ’ ಭಾಗ ಪೂರ್ತಿ ಹೋಗಿದ್ದರೆ ಹುಡುಕುವ ಶಸ್ತ್ರಚಿಕಿತ್ಸೆಯನ್ನೇ ವೈದ್ಯರು ಸಲಹೆ ಮಾಡುವುದಿಲ್ಲ.

ಹಾಗಾಗಿ ಟೆಸ್ಟೋಸ್ಟೆರೋನ್ ಕೊಡುವುದಕ್ಕೆ ‘ಹಾರ್ಮೋನು ಪೂರಣ’, ವೃಷಣದಲ್ಲಿ ವೀರ್ಯಾಣು ಹುಡುಕುವುದಕ್ಕೆ ‘ವೀರ್ಯಾಣು ಶೋಧ’ ಎಂದು ನಾನು ಬೇರೆಬೇರೆಯಾಗಿ ಹೇಳುತ್ತಿದ್ದೇನೆ. ಧಾರವಾಡ, ಬೆಳಗಾವಿ ಕಡೆಯ ವೈದ್ಯರು ರೋಗಿಗಳೊಡನೆ ಬಳಸುವ ಮಾತುಗಳು ಯಾವುವು? ‘ಬಂಜೆತನ’ದ ಬದಲು ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ, ‘ಸಂತಾನಶಕ್ತಿಯ ಕೊರತೆ’ಗಿಂತ ಚಿಕ್ಕದಾದ, ಆಸ್ಪತ್ರೆಯ ಫಾರಮಿನಲ್ಲಿ ಬರೆಯಬಹುದಾದ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.