ಪದಚರ್ಚೆ: ‘ಲೋ ಪವರ್ ವೈರ್‌ಲೆಸ್ ಮಾಡ್ಯೂಲ್’ – ಶುಕ್ರವಾರದೊಳಗೆ ಪದ ಬೇಕಾಗಿದೆ

ಪ್ರಶ್ನೆ, ಹಾಸನದಿಂದ:

ಬಳಗದ ಹಿರಿಯರಿಗೆ ನಮಸ್ಕಾರ.

ಕಾಫಿ ತೋಟಗಳಲ್ಲಿ ಮಣ್ಣಿನ ತೇವವನ್ನು ಅಳೆಯುವ ಸಾಧನವೊಂದರ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಇದುವರೆಗೆ ಮೇಸ್ತ್ರಿಯು ಗಿಡದ ಬುಡಕ್ಕೇ ಹೋಗಿ ಅಂಕಿಯನ್ನು ಓದಿಕೊಂಡು ಬರಬೇಕಾಗಿತ್ತು. ಈಗ ಆ ಸಾಧನದೊಳಗೆ ಅಂಚೆಚೀಟಿಗಿಂತ ಚಿಕ್ಕದಾದ ಲೋರಾ (ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಅಂಕಿ ಕಳುಹಿಸುವ ರೇಡಿಯೊ ವಿಧಾನ) ಮಾಡ್ಯೂಲೊಂದನ್ನು ಸೇರಿಸಿ, ಮನೆಯ ಜಗಲಿಯಲ್ಲಿಟ್ಟ ಪೆಟ್ಟಿಗೆಗೆ ಅಂಕಿಯನ್ನು ಕಳುಹಿಸುವ ಏರ್ಪಾಡಾಗಿದೆ. ಕೈಪಿಡಿಯನ್ನು ಓದುವವರು ತೋಟದ ಮಾಲೀಕರಲ್ಲ. ಹಳೆಯ ಸಾಧನವನ್ನು ಬಿಚ್ಚಿ, ಮಾಡ್ಯೂಲಿಗೆ ಬೆಸುಗೆ ಹಾಕಿ, ಮತ್ತೆ ಮುಚ್ಚುವ ಫಿಟ್ಟರ್‌ಗಳು.

ಇಂಗ್ಲಿಷ್ ಪ್ರತಿಯಲ್ಲಿರುವ ‘ಲೋ ಪವರ್ ವೈರ್‌ಲೆಸ್ ಕಮ್ಯುನಿಕೇಶನ್ ಮಾಡ್ಯೂಲ್’ ಎಂಬುದನ್ನು ‘ಕಡಿಮೆ ವಿದ್ಯುತ್ತಿನ ನಿಸ್ತಂತು ಸಂವಹನ ಘಟಕ’ ಎಂದೂ, ‘ಇಂಟಿಗ್ರೇಶನ್’ ಎಂಬುದನ್ನು ‘ಏಕೀಕರಣ’ ಎಂದೂ, ‘ಸ್ಲೀಪ್ ಮೋಡ್’ ಎಂಬುದನ್ನು ‘ಮಲಗಿದ ಸ್ಥಿತಿ’ ಎಂದೂ ಬರೆದಿದ್ದೇನೆ. ಯಾವುದೂ ಸಮಾಧಾನ ತಂದಿಲ್ಲ. ಇದಲ್ಲದೆ, ಆಂಟೆನಾ ಜೋಡಿಸದೆ ಸಾಧನವನ್ನು ಚಾಲೂ ಮಾಡಬಾರದೆಂಬ ಎಚ್ಚರಿಕೆಯನ್ನು ಮುಚ್ಚಳದ ಒಳಮೈಗೆ ಅಂಟಿಸುವ ಚೀಟಿಯಲ್ಲಿ ಹಾಕಬೇಕಾಗಿದೆ. ಚೀಟಿಯ ಅಳತೆ 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ. ಶುಕ್ರವಾರ ಎಲ್ಲವೂ ಮುದ್ರಣಕ್ಕೆ ಹೋಗುತ್ತದೆ.

ಉತ್ತರ, ಶಿವಮೊಗ್ಗದಿಂದ:

ವಿದ್ಯುತ್ತು, ನಿಸ್ತಂತು, ಸಂವಹನ, ಘಟಕ, ಈ ನಾಲ್ಕೂ ಸಂಸ್ಕೃತ. ಇಡೀ ಪದಗುಚ್ಛದಲ್ಲಿ ಕನ್ನಡದ್ದೆಂದು ಉಳಿದಿರುವುದು ‘ಕಡಿಮೆ’ ಎಂಬ ಒಂದೇ ಪದ, ಮತ್ತು ಅದು ತನ್ನ ಅರ್ಥಕ್ಕೆ ತಕ್ಕಷ್ಟೇ ಇದೆ. ‘ತಂತಿಯಿಲ್ಲದ ಕಿರುಬಿಲ್ಲೆ’ ಎಂದು ಬರೆಯಿರಿ.

‘ಏಕೀಕರಣ’ವನ್ನು ಕೂಡಲೇ ಕಿತ್ತುಹಾಕಿ. ಆ ಪದವನ್ನು ಓದಿದ ಕನ್ನಡಿಗನಿಗೆ ನೆನಪಾಗುವುದು 1956ರ ನವೆಂಬರ್ 1, ಬೆಸುಗೆ ಹಾಕಿದ ಬಿಲ್ಲೆಯಲ್ಲ. ‘ಅಳವಡಿಸು’ ಎಂಬ ಪದ ಕೈಯಳತೆಯಲ್ಲೇ ಇದೆ. ಅಳವು, ಪಡು ಎರಡೂ ಕೂಡಿ ಆದ ‘ಅಳವಡು’ ಎಂಬುದಕ್ಕೆ ತಕ್ಕುದಾಗು, ಹೊಂದಿಕೊಳ್ಳು ಎಂಬ ಅರ್ಥವಿದೆ. ಹೊರಗಿನದೊಂದನ್ನು ಒಳಗಿರುವುದಕ್ಕೆ ಹೊಂದುವಂತೆ ಮಾಡುವ ಕೆಲಸಕ್ಕೆ ಇದಕ್ಕಿಂತ ನೇರವಾದ ಪದ ಬೇಕಿಲ್ಲ.

ಉತ್ತರ, ಧಾರವಾಡದಿಂದ:

‘ಅಳವಡಿಕೆ’ಯ ಬಗ್ಗೆ ನನ್ನ ಒಪ್ಪಿಗೆ ಇದೆ. ಆದರೆ ‘ನಿಸ್ತಂತು’ವನ್ನು ಸಂಸ್ಕೃತವೆಂದು ಹೊರಗಟ್ಟಿದ ಹಿರಿಯರು ‘ತಂತಿ’ಯನ್ನು ಒಳಗೆ ಕರೆದುಕೊಂಡದ್ದು ಯಾವ ನ್ಯಾಯದಿಂದ ಎಂಬುದು ತಿಳಿಯಲಿಲ್ಲ. ತಂತು, ತಂತಿ, ತಂತ್ರ ಎಲ್ಲವೂ ‘ತನ್’ ಎಂಬ ಒಂದೇ ಸಂಸ್ಕೃತ ಧಾತುವಿನ ಸಂತಾನ. ಅಕ್ಕನಿಗೆ ಬಾಗಿಲು ಮುಚ್ಚಿ ತಂಗಿಗೆ ಮಣೆ ಹಾಕಿದಂತಾಯಿತು.

ಯಾರಾದರೂ ‘ಕಿರುಘಟಕ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕೂಡಿಸಿದ ದೋಷ. ‘ಕೂಡುಘಟಕ’ ಎಂದರೆ ಆ ದೋಷವಿಲ್ಲ. ಅದು ಗಮಕಸಮಾಸ, ಅಂದರೆ ಕ್ರಿಯೆಯಿಂದಾದ ಪದ ಮೊದಲು ಬರುವ ಸಮಾಸ, ಆದ್ದರಿಂದ ‘ಕೂಡುಕುಟುಂಬ’ದ ಹಾಗೆ ಸಲ್ಲುತ್ತದೆ. ಇನ್ನು ಆಂಟೆನಾ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರವೆಂಬ ಅರ್ಥವಿತ್ತು; ಆ ಮೇಲೆ ಅದು ಕೀಟದ ಮೀಸೆಗೆ ಹೆಸರಾಯಿತು, ಕೊನೆಗೆ ರೇಡಿಯೊಗೆ ಬಂತು. ನಮ್ಮಲ್ಲಿ ಕೀಟದ ಮೀಸೆಗೆ ‘ಕುಡಿಮೀಸೆ’ ಎಂಬ ಚೆಲುವಾದ ಪದವಿರುವಾಗ ಅದನ್ನೇ ಇಲ್ಲಿಗೂ ತರಬಹುದು.

ಉತ್ತರ, ಶಿವಮೊಗ್ಗದಿಂದ:

ಬೇಲಿಗೆ ತಂತಿ ಬಿಗಿಯುವವನು ಧಾತುಪಾಠವನ್ನು ಓದಿ ಬಂದಿರುವುದಿಲ್ಲ. ಅವನ ಬಾಯಲ್ಲಿ ನೆಲೆಗೊಂಡಿರುವುದು ಕನ್ನಡ. ಅರಿಸಮಾಸದ ಪಾಠ ಬೇಕಿರಲಿಲ್ಲ.

ಉತ್ತರ, ಧಾರವಾಡದಿಂದ:

ಬಾಯಲ್ಲಿ ನೆಲೆಗೊಂಡದ್ದೇ ಕನ್ನಡವಾದರೆ ಕುರ್ಚಿ, ಕಾಗದ, ಬಸ್ಸುಗಳ ಸಾಲಿನಲ್ಲಿ ‘ಮಾಡ್ಯೂಲು’ ಕೂಡ ಬಂದು ಕುಳಿತುಕೊಳ್ಳಲಿ. ತಂತಿಗೊಂದು ನ್ಯಾಯ, ಮಾಡ್ಯೂಲಿಗೊಂದು ನ್ಯಾಯ ಆಗುವುದಿಲ್ಲ.

ಉತ್ತರ, ಬೆಂಗಳೂರಿನಿಂದ:

ಪದದ ಕುಲಗೋತ್ರವನ್ನು ವಿಚಾರಿಸುವ ಮೊದಲು ಅದು ಏನನ್ನು ಹೇಳಬೇಕಾಗಿದೆ ಎಂಬುದನ್ನು ಒಬ್ಬರಾದರೂ ಕೇಳಬಹುದಿತ್ತು. ಇಂಥ ಮಾಡ್ಯೂಲುಗಳನ್ನು ಸಾಧನಗಳಿಗೆ ಕೂರಿಸುವುದೇ ನನ್ನ ಕಸುಬಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

‘ಲೋ ಪವರ್’ ಎಂಬುದಕ್ಕೆ ಎರಡು ಅರ್ಥಗಳಿವೆ. ಒಂದು, ಬ್ಯಾಟರಿಯಿಂದ ಎಳೆಯುವುದು ಕಡಿಮೆ ಎಂಬುದು. ಇನ್ನೊಂದು, ಆಂಟೆನಾದಿಂದ ಹೊರಡುವ ರೇಡಿಯೊ ಶಕ್ತಿ ಕಡಿಮೆ ಎಂಬುದು. 865ರಿಂದ 868 ಮೆಗಾಹರ್ಟ್ಸ್ ತನಕ ಪರವಾನಗಿಯಿಲ್ಲದೆ ಬಳಸಲು ನಮ್ಮ ದೇಶದ ನಿಯಮ ಅವಕಾಶ ಕೊಟ್ಟು, ಪ್ರೇಷಕದ ಶಕ್ತಿ 1 ವಾಟ್ ಮೀರಬಾರದೆಂದು ಹೇಳುವಾಗ ಅಲ್ಲಿರುವುದು ಎರಡನೆಯ ಅರ್ಥ. ಕೈಪಿಡಿಗೆ ಬೇಕಿರುವುದು ಮೊದಲನೆಯದು. ಲೋರಾ ಮಾಡ್ಯೂಲುಗಳಲ್ಲಿ ಬಹಳವಾಗಿ ಕಾಣುವ ಎಸ್‌ಎಕ್ಸ್1276 ಚಿಪ್ಪು ಪೂರ್ಣ ಬಲದಲ್ಲಿ ಕಳುಹಿಸುವಾಗ ಸುಮಾರು 120 ಮಿಲಿಆಂಪ್ ಎಳೆಯುತ್ತದೆ, ಸ್ಲೀಪ್ ಮೋಡಿನಲ್ಲಿ ಸುಮ್ಮನಿರುವಾಗ ಒಂದು ಮೈಕ್ರೋಆಂಪನ್ನೂ ಎಳೆಯುವುದಿಲ್ಲ. ಅದರ ಜಿಪುಣತನವೆಲ್ಲ ಸುಮ್ಮನಿರುವುದರಲ್ಲಿದೆ, ಕೆಲಸದಲ್ಲಿಲ್ಲ.

ಇವೆರಡೂ ಸಾಲದೆಂಬಂತೆ ಮೂರನೆಯ ಅರ್ಥವೊಂದು ನಮ್ಮ ಹಳ್ಳಿಗಳಲ್ಲೇ ಇದೆ. ‘ಕರೆಂಟ್ ಕಡಿಮೆ ಇದೆ’ ಎಂದರೆ ವೋಲ್ಟೇಜ್ ಬಿದ್ದಿದೆ, ಮೋಟರು ಏಳುವುದಿಲ್ಲ ಎಂದು ಅರ್ಥ. ‘ಕಡಿಮೆ ವಿದ್ಯುತ್ತಿನ ಘಟಕ’ ಎಂದು ಓದಿದ ಫಿಟ್ಟರ್, ವೋಲ್ಟೇಜ್ ಬಿದ್ದರೂ ಇದು ನಡೆಯುತ್ತದೆಂದು ತಿಳಿದುಕೊಳ್ಳುವ ಸಂಭವವಿದೆ. ನಿಜ ಅದಕ್ಕೆ ವಿರುದ್ಧವಾಗಿದೆ: ಸೆಲ್ ಹಳತಾದಾಗ, ಕಳುಹಿಸುವ ಆ ಒಂದು ಕ್ಷಣದಲ್ಲಿ ವೋಲ್ಟೇಜ್ ಕುಸಿದು ಸಾಧನವೇ ಮೊದಲಿನಿಂದ ಶುರುವಾಗಿಬಿಡುತ್ತದೆ. ಮಾಡ್ಯೂಲಿನ ಪಿನ್ನಿಗೆ ಆದಷ್ಟು ಹತ್ತಿರದಲ್ಲಿ, ಆ ಕ್ಷಣಕ್ಕೆ ಬೇಕಾದ ವಿದ್ಯುತ್ತನ್ನು ಕೂಡಿಟ್ಟುಕೊಂಡಿರುವ ಕೆಪಾಸಿಟರ್ ಹಾಕಬೇಕೆಂದು ಹೇಳುವುದು ಇದಕ್ಕಾಗಿಯೇ. ಹಳೆಯ ಸಾಧನದ ಸರ್ಕ್ಯೂಟು 5 ವೋಲ್ಟಿನದಾಗಿದ್ದರೆ ಅದರ ತಂತಿಗಳನ್ನು 3.3 ವೋಲ್ಟಿನ ಮಾಡ್ಯೂಲಿಗೆ ನೇರವಾಗಿ ಬೆಸೆಯಬಾರದು ಎಂಬುದನ್ನೂ ದಪ್ಪಕ್ಷರದಲ್ಲಿ ಹಾಕಿ. ‘ಮಿತಬಳಕೆಯ ವೈರ್‌ಲೆಸ್ ಮಾಡ್ಯೂಲ್’ ಎಂಬುದು ನನ್ನ ಸೂಚನೆ. ‘ಘಟಕ’ ಬೇಡ. ಕೆಪಾಸಿಟರೂ ಘಟಕ, ರೆಸಿಸ್ಟರೂ ಘಟಕ, ಪಕ್ಷದ ಜಿಲ್ಲಾ ಶಾಖೆಯೂ ಘಟಕ; ಕೈಪಿಡಿಯಲ್ಲಿ ‘ಘಟಕದ ಘಟಕಗಳು’ ಎಂದು ಬರೆಯುವ ಗತಿ ಬರುತ್ತದೆ.

‘ಮಲಗಿದ ಸ್ಥಿತಿ’ಯ ಮಾತು ನನಗೆ ಅನುಭವದಿಂದ ಗೊತ್ತಿದೆ. ‘ಹತ್ತು ನಿಮಿಷಕ್ಕೊಮ್ಮೆ ಅಂಕಿ ಕಳುಹಿಸಿ, ಉಳಿದ ಹೊತ್ತು ಮಾಡ್ಯೂಲ್ ಮಲಗಿರುತ್ತದೆ’ ಎಂದು ನಾನೇ ಒಮ್ಮೆ ಹಾಳೆಯೊಂದರಲ್ಲಿ ಬರೆದುಕೊಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಮೂರು ಮಾಡ್ಯೂಲುಗಳು ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿಕೊಂಡು ವಾಪಸು ಬಂದವು, ಮೇಲೆ ಪೆನ್ಸಿಲಿನಲ್ಲಿ ‘ಮೂರೂ ಮಲಗಿವೆ’ ಎಂದು ಬರೆದಿತ್ತು. ಮೂರೂ ಚೆನ್ನಾಗಿಯೇ ಇದ್ದವು. ಯಂತ್ರ ಮಲಗಿತೆಂದರೆ ಕೆಟ್ಟಿತೆಂದೇ ನಮ್ಮ ಜನ ತಿಳಿಯುತ್ತಾರೆ. ‘ಬಿಡುವು’ ಎಂದು ಬರೆಯಿರಿ.

ಕುಡಿಮೀಸೆ ಬೇಡ. 866 ಮೆಗಾಹರ್ಟ್ಸಿಗೆ ಕಾಲು ಅಲೆಯುದ್ದದ ಆಂಟೆನಾ ಎಂದರೆ ಸುಮಾರು 8.6 ಸೆಂಟಿಮೀಟರಿನ ಒಂದು ತಂತಿ. ಅದಿಲ್ಲದೆ ಕಳುಹಿಸಲು ಹೊರಟರೆ ಶಕ್ತಿ ಹಿಂದಕ್ಕೆ ಮರಳಿ ಮಾಡ್ಯೂಲಿನ ಆಂಪ್ಲಿಫೈಯರ್ ಹಾಳಾಗಬಹುದು. ಅಂಥ ಎಚ್ಚರಿಕೆಯನ್ನು ಓದುವವನು ಮೀಸೆ ಯಾರದೆಂದು ಯೋಚಿಸುತ್ತ ನಿಲ್ಲಬಾರದು.

ಪ್ರಶ್ನೆ ಕೇಳಿದವರಿಂದ, ಹಾಸನ:

ಎಲ್ಲರಿಗೂ ವಂದನೆಗಳು. ಸಕಲೇಶಪುರದ ಕಡೆ ಕೆಲಸ ಮಾಡುವ ಇಬ್ಬರು ಫಿಟ್ಟರ್‌ಗಳಿಗೆ ಕರಡನ್ನು ಓದಿ ಹೇಳಿದೆ. ‘ಕೂಡುಘಟಕ’ಕ್ಕೆ ಇಬ್ಬರೂ ಸುಮ್ಮನಿದ್ದರು. ‘ಕಿರುಬಿಲ್ಲೆ’ ಎಂದಾಗ ಒಬ್ಬರು ಚಿಕ್ಕ ಗುಂಡು ಸೆಲ್ಲನ್ನು ಎತ್ತಿ ತೋರಿಸಿದರು. ‘ಮಿತಬಳಕೆಯ’ ಎಂಬುದು ನನಗೆ ಹಿಡಿಸಿತ್ತು. ಆದರೆ ಅದನ್ನು ಕೇಳಿದ ಹಿರಿಯ ಫಿಟ್ಟರ್, ‘ಹಂಗಾರೆ ದಿನಕ್ಕೆ ಎಷ್ಟು ಸಲ ಬಳಸ್ಬೋದು ಸಾರ್?’ ಎಂದು ಕೇಳಿದರು. ನೀವು ಇದಕ್ಕೆ ಏನೆನ್ನುತ್ತೀರಿ ಎಂದು ನಾನು ತಿರುಗಿ ಕೇಳಿದಾಗ, ‘ಇದು ಸೆಲ್ ತಿನ್ನಲ್ಲ, ಅಷ್ಟೇ’ ಎಂದರು.

ಆದ್ದರಿಂದ ಶೀರ್ಷಿಕೆಯಲ್ಲಿ ಒಮ್ಮೆ ‘ಸೆಲ್ ಕಡಿಮೆ ತಿನ್ನುವ ವೈರ್‌ಲೆಸ್ ಮಾಡ್ಯೂಲ್’ ಎಂದೂ, ಮುಂದೆ ಬರಿಯ ‘ಮಾಡ್ಯೂಲ್’ ಎಂದೂ ಬರೆದಿದ್ದೇನೆ. ‘ಅಳವಡಿಕೆ’ ಮತ್ತು ‘ಬಿಡುವು’ ಉಳಿದಿವೆ. ಚೀಟಿಯಲ್ಲಿ ಹೀಗಿದೆ:

ಮೊದಲು ಆಂಟೆನಾ. ಆಮೇಲೆ ಸೆಲ್.

ಉತ್ತರ, ಶಿವಮೊಗ್ಗದಿಂದ:

ಚೀಟಿಯ ನಾಲ್ಕರಲ್ಲಿ ಎರಡು ಪದ ಕನ್ನಡ. ಉಳಿದ ಎರಡರ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ.

ಉತ್ತರ, ಧಾರವಾಡದಿಂದ:

‘ತಕರಾರು’ ಅರಬ್ಬಿಯದು.